ಎರಡನ್ನು ಒತ್ತಿ ಹಿಡಿ

ಸೊಸೆಯ ಫೋನು ಬಟ್ಟೆ ನೆನೆಸಿಟ್ಟ ಬಕೆಟ್ಟಿಗೆ ಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ. ಗಂಡನ ಅಂಗಿಯ ಕಾಲರ್ ಉಜ್ಜುತ್ತ, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, ಮೂರನೇ ಮಹಡಿಯಿಂದ ಬೀರು ಇಳಿಸಲು ಎಷ್ಟು ಜನ ಬೇಕೆಂದು ಅವಳು ಯಾರಿಗೋ ಹೇಳುತ್ತಿದ್ದಳು. "ನಾಲ್ಕು" ಎನ್ನುವಷ್ಟರಲ್ಲಿ ಅದು ಜಾರಿತು. ಒರೆಸಿದ್ದಾಯಿತು, ಅಕ್ಕಿ ಡಬ್ಬದಲ್ಲಿ ಹೂತದ್ದಾಯಿತು, ಬಿಸಿಲಿಗಿಟ್ಟದ್ದಾಯಿತು, ಬೈದದ್ದೂ ಆಯಿತು. ಅದು ಮತ್ತೆ ಕಣ್ಣು ಬಿಡಲಿಲ್ಲ.

ಮನೆ ಸಾಮಾನು ಸಾಗಿಸುವ ಲಾರಿ ಕಂಪನಿಯಲ್ಲಿ ಅವಳದು ಬುಕಿಂಗ್ ಕೆಲಸ. ಕಂಪನಿ ಎಂದರೆ ಐದು ಲಾರಿ, ಒಂದು ತಗಡಿನ ಷೆಡ್ಡು, ಷೆಡ್ಡಿನ ಮೂಲೆಯಲ್ಲೊಂದು ಮೇಜು. ಮೇಜು ಮಾಲೀಕನದು, ಫೋನು ಅವಳದು. ದಿನಕ್ಕೆ ನೂರೈವತ್ತು ಕರೆ. ಯಾರೇ ಮಾಡಲಿ, ಅವಳ ಬಾಯಿಂದ ಹೊರಡುವ ಮೊದಲ ಮಾತು ಒಂದೇ: "ಹೇಳಿ, ಎಲ್ಲಿಂದ ಎಲ್ಲಿಗೆ?" ಒಮ್ಮೆ ಮಗಳ ಶಾಲೆಯ ಮೇಡಂ ಕರೆ ಮಾಡಿದಾಗಲೂ ಹಾಗೆಯೇ ಕೇಳಿಬಿಟ್ಟಿದ್ದಳು. "ಒಂಬತ್ತನೇ ಕ್ಲಾಸಿಂದ ಒಂಬತ್ತನೇ ಕ್ಲಾಸಿಗೇ ಅಮ್ಮಾ, ನಿಮ್ಮ ಹುಡುಗಿ ಹೀಗೇ ಓದಿದ್ರೆ" ಎಂದಿದ್ದರು ಮೇಡಂ. ಆ ಮಾತು ಮನೆಯಲ್ಲಿ ಒಂದು ವರ್ಷ ಓಡಾಡಿತು.

"ಹೊಸದು ಯಾಕೆ?" ಎಂದ ಗಂಡ, ಬನ್ನನ್ನು ಚಹಾದಲ್ಲಿ ಅದ್ದುತ್ತ. ಅವನು ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು. ನಿನ್ನೆಯ ಬನ್ನು, ಮೊನ್ನೆಯ ಬ್ರೆಡ್ಡು ಈ ಮನೆಗೆ ಬಂದೇ ಮುಗಿಯಬೇಕು. ಹೊಸದು ಎಂಬ ಮಾತೇ ಅವನಿಗೆ ಆಗದು. "ಬಿಸ್ಕತ್ತಿನ ಡಬ್ಬದಲ್ಲಿ ಮೂರು ಬಿದ್ದಿವೆಯಲ್ಲ. ದಿನಕ್ಕೊಂದು ಇಟ್ಕೊಂಡು ನೋಡು. ಯಾವುದು ಸರಿ ಅನ್ಸುತ್ತೋ ಅದು."

ಹಾಗೆ ಹಳೆಯ ಫೋನುಗಳ ಪರೀಕ್ಷೆ ಶುರುವಾಯಿತು. ಈ ಮನೆಯಲ್ಲಿ ಫೋನುಗಳಿಗೆ ಕಂಪನಿಯ ಹೆಸರಿರಲಿಲ್ಲ, ಅಡ್ಡಹೆಸರಿದ್ದವು.

ಮಂಗಳವಾರ 'ಗಾಜು' ಷೆಡ್ಡಿಗೆ ಹೋಯಿತು. ಅಗಲವಾದದ್ದು, ನೋಡಲು ಚೆಂದ. ಮೈಮೇಲೆಲ್ಲ ಬಿರುಕು. ಬೆಳಿಗ್ಗೆ ಪೂರ್ತಿ ಚಾರ್ಜ್ ತುಂಬಿಸಿಕೊಂಡು ಹೊರಟರೆ ಹನ್ನೊಂದಕ್ಕೆ ಮಲಗಿಬಿಡುತ್ತಿತ್ತು. ಕೆನ್ನೆಗೆ ತಗುಲಿದರೆ ತಾನೇ ಕರೆ ಕತ್ತರಿಸುತ್ತಿತ್ತು. ಬುಧವಾರ 'ಜಾರುಬಂಡೆ', ಮೇಲಕ್ಕೆ ಜಾರಿಸಿ ಮಾತಾಡುವಂಥದ್ದು. ಅದರಲ್ಲಿ ಐದು ಮತ್ತು ಎಂಟು ಸತ್ತಿದ್ದವು. ಐದೂ ಎಂಟೂ ಇಲ್ಲದ ನಂಬರು ಊರಲ್ಲಿ ಎಷ್ಟು ಜನರದಿರುತ್ತದೆ? ಗುರುವಾರ 'ಡಬ್ಬಿ'. ಮಡಚುವ ಫೋನು, ಗಂಡ ಮದುವೆಯಾದ ಹೊಸತರಲ್ಲಿ ಕೊಂಡದ್ದು. ಅದರ ಗಂಟೆ ಹೊಡೆಯುವ ಸ್ಪೀಕರ್ ಸತ್ತು ಸೊಳ್ಳೆಯ ದನಿಯಾಗಿತ್ತು. ಕಿವಿಯ ಹತ್ತಿರದ್ದು ಮಾತ್ರ ಜೋರು, ಆದರೆ ಹರಿದುಹೋಗಿತ್ತು. ಗಂಡಸೋ ಹೆಂಗಸೋ, ಮಾಲೀಕನೋ ಗಿರಾಕಿಯೋ, ಅದರೊಳಗೆ ಹೊಕ್ಕವರೆಲ್ಲ ತಗಡು ಕೆರೆದ ಹಾಗೆ ಒಂದೇ ದನಿಯಲ್ಲಿ ಮಾತಾಡುತ್ತಿದ್ದರು.

"ಮೂರು ದಿನಕ್ಕೆ ಒಂಬತ್ತು ಬುಕಿಂಗ್ ಹೋಯ್ತು," ಎಂದಳು ಸೊಸೆ ಗುರುವಾರ ಸಂಜೆ, ಮೊಟ್ಟೆ ಸುಲಿಯುತ್ತ. "ಇನ್ನೊಂದು ವಾರ ಹೀಗಾದ್ರೆ ಬೇರೆಯವಳನ್ನ ಕೂರಿಸ್ತೀನಿ ಅಂದಿದ್ದಾನೆ ಮಾಲೀಕ. ಈ ಮನೇಲಿ ಕೆಲಸಕ್ಕೆ ಬರೋ ಫೋನು ಒಂದೇ ಒಂದಿದೆ. ಅದು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು."

ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ ಮೊಟ್ಟೆಗೆ ಉಪ್ಪು ಹಚ್ಚುತ್ತಿದ್ದಳು. ಬಟ್ಟೆ ಗಿರಣಿಯ ಮಗ್ಗಗಳ ನಡುವೆ ಇಪ್ಪತ್ತೆಂಟು ವರ್ಷ ದುಡಿದು ಬಂದವಳು, ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದಳು. ಎದುರು ಕೂತು ತುಟಿ ಕಾಣುವಂತೆ ಕೂಗಿದರೆ ಮಾತ್ರ ತಿಳಿಯುತ್ತಿತ್ತು.

ಅವಳ ಫೋನಿನ ಹೆಸರು 'ಇಟ್ಟಿಗೆ'. ಗುಂಡಿಗಳಿರುವ ಹಳೇ ಕಾಲದ್ದು. ಒಮ್ಮೆ ಚಾರ್ಜ್ ಮಾಡಿದರೆ ಐದು ದಿನ. ಬಿದ್ದರೆ ನೆಲ ಒಡೆಯಬೇಕೇ ಹೊರತು ಅದಲ್ಲ. ಹೊಡೆದುಕೊಂಡರೆ ಪಕ್ಕದ ಮನೆಯವರು ಎದ್ದು ಬರಬೇಕು. ಮಾತು ಅಷ್ಟೇ ಸ್ವಚ್ಛ. ಅಜ್ಜಿಯ ಮಗಳು ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗ ನೋಡಿಕೊಳ್ಳುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಮೊದಲ ಸಂಬಳದಲ್ಲಿ ಇದನ್ನು ತಂದು ತಾಯಿಯ ಕೈಯಲ್ಲಿಟ್ಟು, ಬೆರಳು ಹಿಡಿದು ಕಲಿಸಿದ್ದಳು: "ಅಮ್ಮಾ, ನಂಬರ್ ಗಿಂಬರ್ ಏನೂ ಬೇಡ. ಎರಡನ್ನ ಒತ್ತಿ ಹಿಡಿ. ನಾನು ಬರ್ತೀನಿ." ಅಂದಿನಿಂದ ಇಂದಿನವರೆಗೆ ದಿನಾ ಸಂಜೆ ನಾಲ್ಕಕ್ಕೆ ಡ್ಯೂಟಿ ಮುಗಿಸಿ ಮಗಳೇ ಕರೆ ಮಾಡುವಳು. ಅಜ್ಜಿ ಮೂರೂವರೆಗೇ ತನ್ನ ಹಿಂದಿನ ಕೋಣೆಯ ಮಂಚದ ಮೇಲೆ ಇಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕಾದು ಕೂರುವಳು. ಮಗಳಿಗೆ ಎರಡು ಕೋಣೆಯ ಕ್ವಾರ್ಟರ್ಸ್ ಸಿಕ್ಕ ದಿನ ಅಲ್ಲಿಗೆ ಹೋಗಿಬಿಡುವುದು, ಇದು ಇಬ್ಬರ ಒಪ್ಪಂದ. ಅಜ್ಜಿ ಈ ಮನೆಯಲ್ಲಿ ದಿನ ಎಣಿಸುತ್ತಿದ್ದದ್ದು ಅದಕ್ಕಾಗಿಯೇ.

"ಅತ್ತೆ," ಎಂದು ಕೂಗಿದಳು ಸೊಸೆ, ತುಟಿ ಅಗಲಿಸಿ. "ನಾನು ದಿನಕ್ಕೆ ನೂರೈವತ್ತು ಕಾಲ್ ಮಾತಾಡ್ತೀನಿ. ನೀವು ಒಂದು. ಫೋನು ಅದಲು ಬದಲು ಮಾಡ್ಕೊಳ್ಳೋಣ."

"ನನ್ನ ಒಂದು ನಿನ್ನ ನೂರೈವತ್ತಕ್ಕಿಂತ ಭಾರ," ಎಂದಳು ಅಜ್ಜಿ. "ಮಗಳು ಕೊಟ್ಟಿದ್ದು. ಕೊಡಲ್ಲ."

"ಕೆಲಸ ಹೋದ್ರೆ ಊಟಕ್ಕೆ ಇಟ್ಟಿಗೆ ಬೇಯಿಸಿ ಹಾಕ್ಲಾ?"

"ಏನಂದ್ಲು?" ಎಂದು ಅಜ್ಜಿ ಮಗನನ್ನು ಕೇಳಿದಳು.

"ಏನಿಲ್ಲಮ್ಮ, ಊಟ ಮಾಡು," ಎಂದ ಮಗ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ ಅವನದು. ಅಂಥವರ ಮನೆಯಲ್ಲಿ ಕೊನೆಗೆ ಸಾಯುವುದು ಹಾವೂ ಅಲ್ಲ, ಮುರಿಯುವುದು ಕೋಲೂ ಅಲ್ಲ; ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಇನ್ನೊಬ್ಬರು.

ಶುಕ್ರವಾರ ಬೆಳಿಗ್ಗೆ ಅಜ್ಜಿ ಸ್ನಾನಕ್ಕೆ ಹೋದಾಗ ಮಗನೇ ಅವಳ ದಿಂಬಿನ ಕೆಳಗಿನಿಂದ ಇಟ್ಟಿಗೆ ತೆಗೆದು ತಂದ. ಹದಿನೈದರ ಮೊಮ್ಮಗಳು ಪುಟ್ಟಿ, ಅಡುಗೆ ಕಟ್ಟೆಯ ಮೇಲೆ ಎರಡೂ ಫೋನು ಬಿಚ್ಚಿ, ಕೂದಲ ಪಿನ್ನಿನಿಂದ ಸಿಮ್ಮುಗಳನ್ನು ಎಬ್ಬಿಸಿದಳು. ಅಮ್ಮನ ಸಿಮ್ಮು ಇಟ್ಟಿಗೆಗೆ, ಅಜ್ಜಿಯ ಸಿಮ್ಮು ಡಬ್ಬಿಗೆ.

"ಅಮ್ಮಾ, ಅಜ್ಜಿ ಎರಡನ್ನ ಒತ್ತಿ ಹಿಡೀತಾರೆ. ಇದರಲ್ಲೂ ಆಸ್ಪತ್ರೆ ಅತ್ತೆ ನಂಬರ್ ಕೂರಿಸ್ಬೇಕು."

"ಆಮೇಲೆ ಮಾಡು. ಕೊಡಿಲ್ಲಿ, ಹೊತ್ತಾಯ್ತು."

ಪುಟ್ಟಿ ಶಾಲೆಗೆ ಓಡಿದಳು. ಆ 'ಆಮೇಲೆ' ಬರಲೇ ಇಲ್ಲ. ಡಬ್ಬಿಯಲ್ಲಿ ಎರಡನ್ನು ಒತ್ತಿ ಹಿಡಿದರೆ ಹೋಗುತ್ತಿದ್ದದ್ದು ಸೊಸೆಯ ನಂಬರಿಗೆ. ಹದಿನೇಳು ವರ್ಷದ ಹಿಂದೆ ಹೊಸ ಗಂಡನೊಬ್ಬ ಪ್ರೀತಿ ಉಕ್ಕಿ ಕೂರಿಸಿದ್ದ ನಂಬರು. ಪ್ರೀತಿ ಎಂದೋ ಆರಿತ್ತು, ನಂಬರು ಹಾಗೇ ಇತ್ತು.

ಸ್ನಾನ ಮುಗಿಸಿ ಬಂದ ಅಜ್ಜಿ ದಿಂಬಿನ ಕೆಳಗೆ ಕೈಯಾಡಿಸಿ ಡಬ್ಬಿಯನ್ನು ಹೊರತೆಗೆದಳು. ಮುಚ್ಚಳ ತೆರೆದಳು, ಮುಚ್ಚಿದಳು, ತೆರೆದಳು, ಮುಚ್ಚಿದಳು. ಗಿರಣಿಯ ರೂಢಿ: ಯಂತ್ರ ಕೈಗೆ ಬಂದರೆ ಮೂರು ಸಲ ಓಡಿಸಿ, ಮೂರು ಸಲ ನಿಲ್ಲಿಸಿ ನೋಡಿಯೇ ನಂಬಬೇಕು.

"ಇದು ನನ್ನದಲ್ಲ," ಎಂದಳು.

"ಇದೂ ಫೋನೇ ಅಮ್ಮಾ. ಎರಡನ್ನ ಒತ್ತಿ ಹಿಡಿ, ಅಷ್ಟೇ. ಎಲ್ಲಾ ಒಂದೇ," ಎಂದ ಮಗ.

"ನನ್ನ ಹೊಟ್ಟೇಲಿ ಹುಟ್ಟಿದ ಕೈನಾ ದಿಂಬಿನ ಕೆಳಗೆ ಬಂದಿದ್ದು?"

ಅವನು ಬೇಕರಿಗೆ ಹೊತ್ತಾಯಿತು ಎಂದು ಹೊರಟ. ಅಜ್ಜಿ ಅಂದು ಮುದ್ದೆಯಾದ ಸೀರೆಯಲ್ಲೇ ಮಂಚದ ಮೇಲೆ ಕೂತು ಅತ್ತಳು. ಕಿವುಡರಿಗೆ ತಮ್ಮ ಅಳು ಎಷ್ಟು ಜೋರಾಗಿದೆ ಎಂಬುದು ತಿಳಿಯುವುದಿಲ್ಲ. ಬೀದಿಯ ಕೊನೆಯ ಇಸ್ತ್ರಿಯವನಿಗೂ ಕೇಳಿಸಿತು.

ನಾಲ್ಕಕ್ಕೆ ಮಗಳು ಕರೆ ಮಾಡಿದಳು. ಸೊಳ್ಳೆ ಗುಂಯ್ ಎಂದಿತು. ಅಜ್ಜಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕೂತೇ ಇದ್ದಳು. ಮರುದಿನವೂ ಹಾಗೇ, ಅದರ ಮರುದಿನವೂ. ಮಗಳು ಗಾಬರಿಯಾಗಿ ಅಣ್ಣನಿಗೆ ಕರೆ ಮಾಡಿದಾಗ ಅವನು, "ಫೋನು ಬದಲಾಯ್ಸಿದ್ದೀವಿ ಕಣಮ್ಮ, ಅವಳಿಗೆ ಗಂಟೆ ಕೇಳಿಸ್ತಿಲ್ಲ. ಆರಾಮಾಗಿದ್ದಾಳೆ. ಪುರುಸೊತ್ತಾದಾಗ ನಾನೇ ಮಾತಾಡಿಸ್ತೀನಿ" ಎಂದ.

ಸೋಮವಾರ ನಾಲ್ಕು ದಾಟಿದ ಮೇಲೆ ಅಜ್ಜಿ ತಾನೇ ಎರಡನ್ನು ಒತ್ತಿ ಹಿಡಿದಳು.

ಷೆಡ್ಡಿನಲ್ಲಿ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಇಟ್ಟಿಗೆ ಹೊಡೆದುಕೊಂಡಿತು. ಸೊಸೆ ನೋಡದೆಯೇ ಎತ್ತಿ, "ಹೇಳಿ, ಎಲ್ಲಿಂದ ಎಲ್ಲಿಗೆ?" ಎಂದಳು.

ಕಿವುಡರು ಕಾಯುವುದಿಲ್ಲ, ಮೊದಲು ತಮ್ಮದನ್ನು ಹೇಳಿಬಿಡುತ್ತಾರೆ. "ಮಗಾ, ನಾನು ಕಣೇ, ಅಮ್ಮ. ನಾಲ್ಕು ದಿನ ಆಯ್ತು, ಯಾಕೆ ಮಾಡ್ಲಿಲ್ಲ? ಆ ಲಾರಿ ನನ್ನ ಫೋನು ಕಿತ್ಕೊಂಡ್ಲು ಕಣೇ!"

'ಲಾರಿ' ಎಂದರೆ ತಾನು ಎಂದು ಸೊಸೆಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. "ಅತ್ತೆ, ನಾನು," ಎಂದು ಕೂಗಿದಳು.

"ಬೆಳಿಗ್ಗೆ ಎದ್ದಾಗಿಂದ ಹಾರ್ನ್ ಹೊಡೀತಾನೇ ಇರ್ತಾಳೆ. ಇವನು ಅವಳ ಕ್ಲೀನರ್. ಅವಳು ಬಲಕ್ಕೆ ಅಂದ್ರೆ ಬಲಕ್ಕೆ, ರಿವರ್ಸ್ ಅಂದ್ರೆ ರಿವರ್ಸ್."

"ಅತ್ತೆ, ಇದು ನಾನು, ನಿಮ್ಮ ಸೊಸೆ!"

"ಏನೋ ಕೆರೆದಂಗೆ ಕೇಳುತ್ತೆ ಕಣೇ. ಈ ದರಿದ್ರ ಡಬ್ಬೀಲಿ ನೀನೂ ನೀನಂಗಿಲ್ಲ. ಪರವಾಗಿಲ್ಲ, ನೀನು ಹೂಂ ಅಂತಿರು."

ಸೊಸೆ ಎರಡು ಸಲ ಹೇಳಿದ್ದು ನಿಜ. ಮೂರನೇ ಸಲ ಹೇಳಲಿಲ್ಲ, ಅದೂ ನಿಜ. ಎದ್ದು ಷೆಡ್ಡಿನ ಹಿಂದೆ, ಹಳೇ ಟೈರುಗಳ ಮೇಲೆ ಹೋಗಿ ಕೂತು ಹನ್ನೊಂದು ನಿಮಿಷ ಕೇಳಿದಳು. ತಾನು ಮಾಡಿದ ಗಂಜಿ ಅಂಟು, ತಾನು ನಗುವುದು ಗಿರಾಕಿಗಳ ಜೊತೆ ಮಾತ್ರ, ತನ್ನ ಕಾಲ್ಗುಣದಿಂದ ಮಗ ಬೇಕರಿ ಒಲೆಗೆ ಬಿದ್ದ. ಹದಿನೇಳು ವರ್ಷ ಒಂದೇ ಸೂರಿನ ಕೆಳಗಿದ್ದು ತಿಳಿಯದ್ದು ಹನ್ನೊಂದು ನಿಮಿಷದಲ್ಲಿ ತಿಳಿಯಿತು. ಕೊನೆಗೆ ಅಜ್ಜಿ, "ಕ್ವಾರ್ಟರ್ಸ್ ಆಯ್ತಾ ಮಗಾ?" ಎಂದು ಕೇಳಿದಳು.

"ಇನ್ನೂ ಇಲ್ಲ ಅಮ್ಮಾ," ಎಂದಳು ಸೊಸೆ.

ಬಾಯಿಂದ ಬಂದ ಮೇಲೆ ತಾನೇ ಬೆಚ್ಚಿದಳು. ಆದರೆ ಮರುದಿನ ನಾಲ್ಕು ಗಂಟೆಗೆ ಅವಳೇ ಟೈರುಗಳ ಹತ್ತಿರ ಹೋಗಿ ಕಾದು ನಿಂತಳು.

ಮೊದಲ ವಾರ ಬರೀ ಹೂಂಗುಟ್ಟಿದಳು; ಶನಿವಾರ ಮಾತ್ರ, ನಾಳೆ ತಾನು ಮನೆಯಲ್ಲಿರುವುದು ನೆನಪಾಗಿ, "ಭಾನುವಾರ ಮಾಡಬೇಡ ಅಮ್ಮಾ, ಡ್ಯೂಟಿ ಜಾಸ್ತಿ" ಎಂದಳು. ಎರಡನೇ ವಾರ ಒಂದು ಮಾತು ಹೇಳಿ ನೋಡಿದಳು: "ಅಮ್ಮಾ, ಪುಟ್ಟಿ ಓದೋ ಹುಡುಗಿ. ನಿನ್ನ ಕೋಣೆ ಅವಳಿಗೆ ಬಿಟ್ಕೊಡು. ನೀನು ಹಾಲಲ್ಲಿ ಮಲಗು. ಇನ್ನೇನು, ನಾನು ಬಂದು ಕರ್ಕೊಂಡ್ ಹೋಗ್ತೀನಲ್ಲ."

ಮರುದಿನ ಬೆಳಿಗ್ಗೆ ಅಜ್ಜಿ ಹಾಸಿಗೆ ಸುತ್ತಿ, ಟ್ರಂಕು ಎಳೆದುಕೊಂಡು ಹಾಲಿಗೆ ಬಂದಳು. ಬೇಕರಿಗೆ ಹೊರಟಿದ್ದ ಮಗ ಚಪ್ಪಲಿ ಕೈಯಲ್ಲೇ ಹಿಡಿದು ನಿಂತ. "ಏನಮ್ಮಾ ಇದು?"

"ಹುಡುಗಿ ಓದ್ಲಿ. ಮಗಳು ಹೇಳಿದ್ಲು."

"ತಂಗಿ? ಯಾವಾಗ ಹೇಳಿದ್ಲು?"

"ನೆನ್ನೆ. ದಿನಾ ಮಾತಾಡ್ತೀವಲ್ಲ."

ಮಗ ತಲೆ ಕೆರೆದುಕೊಂಡು ಹೊರಟ. ಪುಟ್ಟಿ ಮಾತ್ರ ಬ್ರೆಡ್ಡು ಬಾಯಲ್ಲಿಟ್ಟುಕೊಂಡೇ ಅಮ್ಮನ ಮುಖ ನೋಡಿದಳು. ಎರಡಕ್ಕೆ ನಂಬರು ಕೂರಿಸಿಲ್ಲ ಎನ್ನುವುದು ಅವಳಿಗೆ ಆಗ ನೆನಪಾಯಿತು. ಅಜ್ಜಿ ಬಚ್ಚಲಿಗೆ ಹೋದ ಕೂಡಲೇ ಕೇಳಿಯೇಬಿಟ್ಟಳು. "ಅಮ್ಮಾ, ಎರಡನ್ನ ಒತ್ತಿದ್ರೆ ನಿನಗಲ್ವಾ ಬರೋದು?"

"ಕೋಣೆ ಬೇಕೋ ಬೇಡ್ವೋ?"

ಪುಟ್ಟಿ ಇಷ್ಟು ವರ್ಷ ಅಡುಗೆ ಕಟ್ಟೆಯ ಪಕ್ಕ, ಕುಕ್ಕರಿನ ಸೀಟಿಯ ನಡುವೆ ಓದಿದವಳು. ಆ ಕೋಣೆಗೆ ಕಿಟಕಿಯಿತ್ತು, ಬಾಗಿಲಿತ್ತು, ಬಾಗಿಲಿಗೆ ಚಿಲಕವಿತ್ತು. ಬಾಯಲ್ಲಿದ್ದ ಬ್ರೆಡ್ಡು ನುಂಗುವಷ್ಟು ಹೊತ್ತು ಯೋಚಿಸಿದಳು. "ಬೇಕು" ಎಂದಳು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಸೊಸೆಗೆ ತನ್ನ ಕಾಲ ಸಂಜೆ ನಾಲ್ಕಕ್ಕೆ ಬರುತ್ತಿತ್ತು. ಟೈರಿನ ಮೇಲೆ ಕೂತು ಅವಳು ಮನೆಯನ್ನು ಲಾರಿಯಂತೆ ಓಡಿಸಿದಳು. 'ಅಮ್ಮಾ, ಸುಮ್ನೆ ಕೂರಬೇಡ, ಮೈ ಹಿಡಿಯುತ್ತೆ, ಪಾತ್ರೆ ತೊಳಿ.' ಅಜ್ಜಿ ಪಾತ್ರೆ ತೊಳೆದಳು. 'ಅಮ್ಮಾ, ಎರಡನೇ ಸಲ ಚಹಾ ಕೇಳಬೇಡ, ಎದೆ ಉರಿ ಬರುತ್ತೆ.' ಅಜ್ಜಿ ಕೇಳಲಿಲ್ಲ. 'ಅಮ್ಮಾ, ಅತ್ತಿಗೆ ಜೊತೆ ವಾದ ಮಾಡಬೇಡ, ಅವಳೂ ದುಡಿದು ಬರ್ತಾಳೆ.' ಇದಕ್ಕೆ ಅಜ್ಜಿ, "ನೀನು ಹೇಳಿದ್ಮೇಲೆ ಆಯ್ತು ಬಿಡು" ಎಂದಳು. ಅಂದು ಸಂಜೆ ಸೊಸೆ ಮನೆಗೆ ಬಂದಾಗ ಬಾಗಿಲಲ್ಲೇ ಎದುರಾಗಿ, "ಸುಸ್ತಾಗಿದ್ಯಾ? ಚೀಲ ಕೊಡು" ಎಂದಳು. ಸೊಸೆಗೆ ಆ ಕೈಯಲ್ಲಿ ಚೀಲ ಕೊಡಲು ನಾಚಿಕೆಯಾಯಿತು. ಆದರೂ ಕೊಟ್ಟಳು.

ಗಂಡನಿಗೆ ಸುದ್ದಿ ತಲುಪಿದ್ದು ಮೂರನೇ ವಾರದ ಭಾನುವಾರ, ಪುಟ್ಟಿಯ ಬಾಯಿಂದ. ಅವನು ಹೆಂಡತಿಯನ್ನು ಅಡುಗೆಮನೆಗೆ ಕರೆದ.

"ಇದು ಸರಿಯಲ್ಲ ಕಣೇ."

"ಸರಿ, ಹೋಗಿ ಹೇಳಿ. ಹಾಲಲ್ಲೇ ಕೂತಿದ್ದಾರೆ. ದಿಂಬಿನ ಕೆಳಗೆ ಕೈ ಹಾಕ್ದೋರು ನೀವೇ ಅಂತಾನೂ ಹೇಳಿ. ಹದಿನೇಳು ವರ್ಷ ಆದ್ಮೇಲೆ ಈ ಮನೇಲಿ ಹದಿನೈದು ದಿನ ಜಗಳ ಇಲ್ಲ. ಬೇಡ ಅಂದ್ರೆ ಇವತ್ತೇ ನಿಲ್ಲಿಸ್ತೀನಿ."

ಅವನು ಹಾಲಿನ ಕಡೆ ನೋಡಿದ. ತಾಯಿ ಈರುಳ್ಳಿ ಸುಲಿಯುತ್ತಿದ್ದಳು. ಮನೆ ಎಷ್ಟು ತಣ್ಣಗಿತ್ತೆಂದರೆ ಗಡಿಯಾರದ ಸದ್ದು ಕೇಳುತ್ತಿತ್ತು. "ನಾಲ್ಕು ದಿನ ನೋಡೋಣ ಬಿಡು," ಎಂದು ಇನ್ನೊಂದು ಬನ್ನು ತೆಗೆದುಕೊಂಡ.

ಅದೇ ಮಧ್ಯಾಹ್ನ ತಂಗಿಯ ಕರೆ ಬಂತು. ಇಷ್ಟು ದಿನ ತಪ್ಪಿಸಿಕೊಂಡವನು ಇಂದು ತಪ್ಪಿಸಿಕೊಳ್ಳಲಾಗದೆ ತನ್ನ ಫೋನನ್ನು ತಾಯಿಯ ಕಿವಿಗೆ ಹಿಡಿದ. ಅವನ ಫೋನಿನ ದನಿ ಅವಳಿಗೆ ಒಂದು ಚೂರೂ ಕೇಳುವಂಥದ್ದಲ್ಲ. ಮಗಳು ಆ ಕಡೆಯಿಂದ "ಅಮ್ಮಾ, ಅಮ್ಮಾ" ಎಂದು ಕಿರುಚುತ್ತಿದ್ದಳು. ಅಜ್ಜಿ ನಗುತ್ತ, "ಇದರಲ್ಲಿ ಕೇಳಲ್ಲ ಕಣೇ. ನೆನ್ನೆ ಎಲ್ಲಾ ಹೇಳಿದ್ನಲ್ಲ. ನಾಳೆ ನಾಲ್ಕಕ್ಕೆ ಮಾತಾಡ್ತೀನಿ, ಇಡು" ಎಂದಳು.

"ಅಣ್ಣಾ, ಏನು ಹೇಳ್ತಿದ್ದಾಳೆ? ನೆನ್ನೆ ಯಾವಾಗ ಮಾತಾಡಿದ್ಲು?"

ಅಣ್ಣ ಗೋಡೆ ಕಡೆ ತಿರುಗಿದ. ನಿಜ ಹೇಳಲು ಅವನಿಗಿದ್ದದ್ದು ಆ ಒಂದು ಗಳಿಗೆ. "ವಯಸ್ಸಾಯ್ತಲ್ಲಮ್ಮ," ಎಂದ. "ಈಚೆಗೆ ಸ್ವಲ್ಪ ಹಾಗೇ."

ಐದನೇ ವಾರದಲ್ಲೊಂದು ದಿನ ಷೆಡ್ಡಿನಲ್ಲಿ ಎರಡು ಲಾರಿ ಕೆಟ್ಟು ನಿಂತವು. ಬೆಳಿಗ್ಗೆಯಿಂದ ಗಿರಾಕಿಗಳ ಬೈಗುಳ, ಮಾಲೀಕನ ಬೈಗುಳ. ನಾಲ್ಕಕ್ಕೆ ಇಟ್ಟಿಗೆ ಹೊಡೆದುಕೊಂಡಾಗ ಸೊಸೆಯ ಹೊಟ್ಟೆಗೆ ಒಂದು ತುತ್ತೂ ಬಿದ್ದಿರಲಿಲ್ಲ. ಅಜ್ಜಿ ಅಂದು ಖುಷಿಯಲ್ಲಿದ್ದಳು. ಮಾತು ಮಾತಿಗೆ ಸೇರಿ ಹಳೆಯದರ ಕಡೆ ಹೊರಳಿತು.

"ನೀನು ಹೇಳಿದ್ದಕ್ಕೆ ಹೊಂದ್ಕೊಂಡು ಹೋಗ್ತಿದ್ದೀನಿ ಮಗಾ. ಆದ್ರೆ ಅವಳ ಎದೆಯೊಳಗೆ ಏನೂ ಇಲ್ಲ ಕಣೇ. ಅವಳಮ್ಮ ಸತ್ತ ದಿನ ನೆನಪಿದ್ಯಾ? ಕಣ್ಣಲ್ಲಿ ಒಂದು ಹನಿ ಇಲ್ಲ. ಫೋನು ಹಿಡ್ಕೊಂಡು ಲಾರಿ ಬುಕ್ ಮಾಡ್ತಾ ನಿಂತಿದ್ಲು. ಅಂಥವಳು ನನಗೆ ಮಣ್ಣು ಹಾಕ್ತಾಳಾ?"

ಆ ದಿನ ಸೊಸೆ ಬುಕ್ ಮಾಡುತ್ತಿದ್ದದ್ದು ತಾನೇ ಹತ್ತಿ ತವರಿಗೆ ಹೋಗಲಿಕ್ಕೆ. ಮುಷ್ಕರದಿಂದ ಬಸ್ಸುಗಳು ನಿಂತಿದ್ದವು. ಒಬ್ಬ ಡ್ರೈವರೂ ಒಪ್ಪಲಿಲ್ಲ. ಅವಳು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು, ತಾಯಿಯ ಮುಖ ಸಿಕ್ಕಿರಲಿಲ್ಲ. ಇದನ್ನು ಅವಳು ಈ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

"ಅಮ್ಮಾ," ಎಂದಳು ಸೊಸೆ ಇಟ್ಟಿಗೆಯೊಳಕ್ಕೆ, ಒಂದೊಂದೇ ಪದವಾಗಿ, ಹರಿದ ಡಬ್ಬಿಯಲ್ಲೂ ಸ್ಪಷ್ಟವಾಗಿ ಕೇಳುವ ಹಾಗೆ. "ಕ್ವಾರ್ಟರ್ಸ್ ಸಿಕ್ಕಿದೆ. ಆದ್ರೆ ನಿನ್ನ ಕರ್ಕೊಂಡ್ ಬರಲ್ಲ."

"ಏನಂದೆ?"

"ನೀನು ಬೇಡ. ನಿನ್ನ ಕಿವಿ, ನಿನ್ನ ಗೋಳು, ಸಾಕಾಗಿದೆ ನನಗೆ. ಹನ್ನೊಂದು ವರ್ಷ ದಿನಾ ಕೇಳಿದ್ದೀನಿ. ಅಲ್ಲೇ ಬಿದ್ದಿರು. ಇನ್ಮೇಲೆ ಫೋನ್ ಮಾಡಬೇಡ."

ಆ ಕಡೆ ಡಬ್ಬಿಯ ಮುಚ್ಚಳ ಮುಚ್ಚಿದ ಟಕ್ ಎಂಬ ಶಬ್ದ. ಸೊಸೆ ಎದ್ದು ಸೀರೆಗಂಟಿದ ಟೈರಿನ ಕರಿ ಒರೆಸಿಕೊಂಡಳು. ಅಷ್ಟರಲ್ಲಿ ಇನ್ನೊಂದು ಕರೆ ಬಂತು. "ಹೇಳಿ, ಎಲ್ಲಿಂದ ಎಲ್ಲಿಗೆ?"

ಅಜ್ಜಿ ಆಮೇಲೆ ಎರಡನ್ನು ಒತ್ತಲಿಲ್ಲ. ಡಬ್ಬಿಯನ್ನು ಟ್ರಂಕಿನ ಮೇಲಿಟ್ಟು ಅದಕ್ಕೊಂದು ಬಟ್ಟೆ ಮುಚ್ಚಿದಳು. ಹಾಕಿದ್ದರಲ್ಲಿ ಅರ್ಧ ತಿಂದು ತಟ್ಟೆ ತೊಳೆದಿಡುವಳು. ಕೇಳಿದ್ದಕ್ಕೆ ಮಾತ್ರ ಉತ್ತರ. ಚಪ್ಪಲಿ ಸ್ಟ್ಯಾಂಡಿನ ಪಕ್ಕ ಹಾಸಿಗೆ ಹಾಸಿ ಗೋಡೆಗೆ ಮುಖ ಮಾಡಿ ಮಲಗುವಳು. ಮಗ ಒಂದು ದಿನ ಕೆನೆ ಹಾಕಿದ ಹೊಸ ಬನ್ನು ತಂದುಕೊಟ್ಟ. ಮದುವೆಯಾದಾಗಿನಿಂದ ಅವನು ಮನೆಗೆ ತಂದ ಮೊದಲ ಹೊಸ ಬನ್ನು. ಅವಳು ಅದನ್ನು ಪುಟ್ಟಿಗೆ ಕೊಟ್ಟಳು. ಪುಟ್ಟಿ ತೆಗೆದುಕೊಂಡು ಕೋಣೆಗೆ ಹೋದಳು.

ಹೀಗೆ ಹನ್ನೆರಡು ದಿನ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಮಗಳು ಬಂದಿಳಿದಳು. ಸುದ್ದಿಯಿಲ್ಲದೆ, ಮುಖದ ತುಂಬ ನಗುವಿಟ್ಟುಕೊಂಡು. ಚಪ್ಪಲಿ ಬಿಡುವ ಮೊದಲೇ ತಾಯಿಯ ಎದುರು ಬೀಗದ ಕೈ ಆಡಿಸಿದಳು. "ಅಮ್ಮಾ! ಸಿಕ್ತು! ಎರಡು ಕೋಣೆ! ಏಳು, ಬಟ್ಟೆ ಕಟ್ಟು!"

ಅಜ್ಜಿ ಬೀಗದ ಕೈ ನೋಡಿದಳು, ಮಗಳ ಮುಖ ನೋಡಿದಳು. "ಯಾಕೆ ಬಂದೆ?" ಎಂದಳು.

"ಯಾಕೆ ಅಂದ್ರೆ? ಕರ್ಕೊಂಡ್ ಹೋಗೋಕೆ!"

"ಬೇಡ ಅಂದೆಯಲ್ಲ. ಅಲ್ಲೇ ಬಿದ್ದಿರು ಅಂದೆಯಲ್ಲ. ಈಗ ಜನ ಏನಂತಾರೋ ಅಂತ ಬಂದ್ಯಾ?"

ಮಗಳ ನಗು ಅಲ್ಲೇ ನಿಂತಿತು. "ನಾನಾ? ಅಮ್ಮಾ, ಒಂದೂವರೆ ತಿಂಗಳಾಯ್ತು ನಾವು ಸರಿಯಾಗಿ ಮಾತಾಡಿ. ನೀನು ಫೋನೇ ಎತ್ತಲ್ಲ."

"ದಿನಾ ನಾಲ್ಕಕ್ಕೆ ಮಾಡ್ತಿದ್ನಲ್ಲ! ಕೋಣೆ ಬಿಡು ಅಂದೆ, ಬಿಟ್ಟೆ. ಪಾತ್ರೆ ತೊಳಿ ಅಂದೆ, ತೊಳ್ದೆ. ನೀನು ಹೇಳಿದ್ದೆಲ್ಲಾ ಮಾಡಿದ್ನಲ್ಲೇ!"

ಮಗಳು ತಿರುಗಿ ಅಣ್ಣನನ್ನು ನೋಡಿದಳು. ಅಣ್ಣ ಬಾಗಿಲ ಚೌಕಟ್ಟಿನ ಬಣ್ಣ ಉಗುರಲ್ಲಿ ಕೆರೆಯುತ್ತಿದ್ದ. ಅತ್ತಿಗೆಯನ್ನು ನೋಡಿದಳು. ಅತ್ತಿಗೆ ಚಹಾಕ್ಕೆ ನೀರಿಡಲು ಹೋದಳು. ತನ್ನ ಫೋನು ತೆಗೆದು ತಾಯಿಯ ಕಣ್ಣೆದುರು ಹಿಡಿದಳು. "ನೋಡು, ನಿನ್ನಿಂದ ಒಂದೇ ಒಂದು ಕರೆ ಇಲ್ಲ."

ಅಜ್ಜಿ ಬಟ್ಟೆ ಸರಿಸಿ ಡಬ್ಬಿ ತಂದು ಮುಂದೆ ಚಾಚಿದಳು. ಮಗಳಿಗೆ ಆ ಹಳೇ ಫೋನಿನ ಮರ್ಮ ತಿಳಿಯಲಿಲ್ಲ. "ಪುಟ್ಟಿ, ಅಜ್ಜಿ ಇದರಿಂದ ಯಾರಿಗೆ ಮಾತಾಡಿದ್ದಾಳೆ ನೋಡು ಸ್ವಲ್ಪ."

ಪುಟ್ಟಿ ಡಬ್ಬಿ ತೆರೆದಳು. ಒಂದು ಗುಂಡಿ ಒತ್ತಿದಳು, ಇನ್ನೊಂದು ಒತ್ತಿದಳು. ಪರದೆಯ ತುಂಬ ಒಂದೇ ನಂಬರು ಸಾಲಾಗಿ ನಿಂತಿತ್ತು, ಅವಳಿಗೆ ಬಾಯಿಪಾಠವಾಗಿದ್ದ ನಂಬರು. ಅಡುಗೆಮನೆಯಲ್ಲಿ ಚಹಾ ಪಾತ್ರೆಯ ಸದ್ದು ನಿಂತುಹೋಗಿತ್ತು.

"ಯಾರಿಗೂ ಹೋಗಿಲ್ಲ," ಎಂದು ಪುಟ್ಟಿ ಮುಚ್ಚಳ ಮುಚ್ಚಿದಳು.

ಮಗಳು ಹಾಲಿನ ನೆಲದ ಮೇಲೇ ಕೂತು ತಾಯಿಯ ಕೈ ಹಿಡಿದಳು. ತಾಯಿ ಕಿತ್ತುಕೊಂಡಳು. "ನಾನು ಕಿವುಡಿ. ಹುಚ್ಚಿಯಲ್ಲ," ಎಂದಳು. ಹುಚ್ಚರೂ ಇದನ್ನೇ ಹೇಳುತ್ತಾರೆ ಎಂಬುದು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೆ ಗೊತ್ತಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ತಟ್ಟೆ ಮುಟ್ಟದೆ ಹೇಳಿದಳು: "ಹಗಲೆಲ್ಲ ನಾನು ಡ್ಯೂಟೀಲಿರ್ತೀನಿ ಅಣ್ಣಾ. ಹೀಗಿರೋಳನ್ನ ಒಬ್ಬಳನ್ನೇ ಬಿಟ್ಟು ಬಾಗಿಲು ಹಾಕಿ ಹೇಗೆ ಹೋಗ್ಲಿ? ಒಲೆ ಹಚ್ಚಿಟ್ಟು ಮರೆತ್ರೆ?"

"ಇಲ್ಲೇ ಇರ್ಲಿ ಬಿಡು," ಎಂದ ಅಣ್ಣ. "ನಾವಿದ್ದೀವಲ್ಲ."

"ನೀವು ಪುಣ್ಯವಂತರು ಅತ್ತಿಗೆ," ಎಂದು ಅವಳು ಸೊಸೆಯ ಕೈ ಹಿಡಿದು ಅತ್ತಳು. ಸೊಸೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ನಿಂತಿದ್ದಳು. ಉಗುಳಲಿಲ್ಲ, ನುಂಗಿದಳು.

ಮೂರರ ಬಸ್ಸಿಗೆ ಎಲ್ಲರೂ ಗೇಟಿನವರೆಗೆ ಹೋದರು. ಅಜ್ಜಿ ಹಾಲಿನಲ್ಲಿ ಒಬ್ಬಳೇ ಉಳಿದಳು. ಕಿಟಕಿಯಿಂದ ಮಗಳ ಬೆನ್ನು ಕಂಡಿತು. ಒಂದೇ ಚೀಲ, ಬಂದಾಗ ತಂದಷ್ಟೇ. ಆ ಬೆನ್ನು ನೋಡಿ ಅಜ್ಜಿಗೆ ತಡೆಯಲಾಗಲಿಲ್ಲ. ಬಯ್ದರೆ ಬಯ್ಯಲಿ, ಬೇಡ ಎಂದವಳೇ ಬಂದಿದ್ದಾಳಲ್ಲ, ಬಸ್ಸು ಹತ್ತುವ ಮೊದಲು ನಿಲ್ಲು ಎಂದರಾಯಿತು. ಡಬ್ಬಿ ತೆರೆದು ಎರಡನ್ನು ಒತ್ತಿ ಹಿಡಿದಳು.

ಅಡುಗೆಮನೆಯಲ್ಲಿ ಇಟ್ಟಿಗೆ ಹೊಡೆದುಕೊಂಡಿತು.

ಆ ಗಂಟೆಯೊಂದು ಮಾತ್ರ ಅವಳಿಗೆ ಎಲ್ಲಿದ್ದರೂ ಕೇಳುತ್ತಿತ್ತು. ಹನ್ನೊಂದು ವರ್ಷ ಮಡಿಲಲ್ಲಿಟ್ಟುಕೊಂಡು ಕಾದ ಗಂಟೆ. ಅಜ್ಜಿ ಮುಚ್ಚಳ ಮುಚ್ಚಿದಳು. ಗಂಟೆ ನಿಂತಿತು. ತೆರೆದು ಮತ್ತೆ ಎರಡನ್ನು ಒತ್ತಿ ಹಿಡಿದು, ಅಡುಗೆಮನೆಯ ಹೊಸ್ತಿಲಿಗೆ ಹೋಗಿ ನಿಂತಳು. ಸಕ್ಕರೆ ಡಬ್ಬದ ಪಕ್ಕ ಇಟ್ಟಿಗೆ ಬೆಳಕು ಬಿಟ್ಟುಕೊಂಡು ಕುಣಿಯುತ್ತಿತ್ತು. ಮುಚ್ಚಿದಳು, ನಿಂತಿತು. ಮೂರನೇ ಸಲವೂ ನೋಡಿದಳು. ಯಂತ್ರ ಸರಿಯಾಗಿಯೇ ಇತ್ತು.

ಗೇಟಿನಿಂದ ಮರಳಿದ ಸೊಸೆ ಹೊಸ್ತಿಲಲ್ಲಿ ಅತ್ತೆಯನ್ನು ಕಂಡು ನಿಂತಳು. ಅಜ್ಜಿ ಅವಳನ್ನು ಏನೂ ಕೇಳಲಿಲ್ಲ. ಮಗನ ಹತ್ತಿರ ಹೋದಳು.

"ಎರಡನ್ನ ಒತ್ತಿದ್ರೆ ಇವಳ ಫೋನು ಹೊಡ್ಕೊಳ್ಳುತ್ತೆ ಕಣೋ. ಮಗಳಲ್ಲ. ಇವಳೇ ಮಾತಾಡಿದ್ದು. ಬಸ್ಸು ಇನ್ನೂ ಹೊರಟಿರಲ್ಲ, ಓಡು, ಅವಳನ್ನ ಕರ್ಕೊಂಡ್ ಬಾ!"

ಮಗ ಹೆಂಡತಿಯನ್ನು ನೋಡಿದ, ಗಡಿಯಾರ ನೋಡಿದ, ಕೊನೆಗೆ ತನ್ನ ಕಾಲ ಹೆಬ್ಬೆರಳು ನೋಡಿದ. ಆಮೇಲೆ ತುಟಿ ಕಾಣುವಂತೆ ಮುಖ ಎತ್ತಿ, ಮೆಲ್ಲಗೆ ಹೇಳಿದ: "ಅಮ್ಮಾ, ನಿನಗೆ ಮರೆವು. ತಂಗೀನೂ ಹೇಳಿದ್ಲಲ್ಲ."

"ಪುಟ್ಟಿ, ನೀನು ಹೇಳೇ. ನಿನಗೆ ಫೋನೆಲ್ಲಾ ಗೊತ್ತು."

"ನಂಗೆ ಓದೋದಿದೆ ಅಜ್ಜಿ," ಎಂದು ಪುಟ್ಟಿ ಹಿಂದಿನ ಕೋಣೆಗೆ ಹೋದಳು. ಒಳಗಿನಿಂದ ಚಿಲಕ ಬಿತ್ತು. ಅಜ್ಜಿಗೆ ಅದು ಕೇಳಿಸಲಿಲ್ಲ. ಮುಚ್ಚಿದ ಬಾಗಿಲು ಕಾಣಿಸಿತು.

ಸೋಮವಾರ ಷೆಡ್ಡಿನಲ್ಲಿ ವಿಪರೀತ ಕೆಲಸ. ನಾಲ್ಕು ಹೊಡೆದದ್ದು ಸೊಸೆಗೆ ತಿಳಿಯಲಿಲ್ಲ. ಇಟ್ಟಿಗೆ ಹೊಡೆದುಕೊಂಡಾಗ ಚೀಟಿ ಬರೆಯುತ್ತಲೇ ಎತ್ತಿ, "ಹೇಳಿ, ಎಲ್ಲಿಂದ ಎಲ್ಲಿಗೆ?" ಎಂದಳು.

"ಇಲ್ಲಿಂದ ಇಲ್ಲಿಗೇ," ಎಂದಿತು ಆ ಕಡೆಯ ದನಿ.

ಸೊಸೆಯ ಪೆನ್ನು ನಿಂತಿತು.

"ನೀನು ಯಾರು ಅಂತ ನನಗೆ ಗೊತ್ತು ಕಣಮ್ಮ," ಎಂದಳು ಅಜ್ಜಿ. ಇಟ್ಟಿಗೆಯಲ್ಲಿ ಅವಳ ಉಸಿರು ಕೂಡ ಸ್ವಚ್ಛವಾಗಿ ಕೇಳುತ್ತಿತ್ತು. "ಇದರಿಂದ ಬೇರೆ ಯಾರಿಗೂ ಮಾಡೋಕೆ ನನಗೆ ಬರಲ್ಲ. ಅವಳ ನಂಬರ್ ಯಾರೂ ಒತ್ತಿಕೊಡಲ್ಲ. ಬೈಯೋಕೆ ಮಾಡಿಲ್ಲ. ನೀನು ಅವಳಂಗೇ ಮಾತಾಡ್ತಿದ್ದೆಯಲ್ಲ, ಹಂಗೇ ಮಾತಾಡು. ಬೇಡ ಅಂದಿದ್ದೆಯಲ್ಲ, ಅದೊಂದನ್ನ ವಾಪಸ್ ತಗೋ. ಒಂದು ಸಲ ಅಮ್ಮಾ ಅನ್ನು. ಸಾಕು."

ಸೊಸೆಯ ಬಾಯಿ ತೆರೆದಿತ್ತು. ಮೇಜಿನ ಎದುರು ಮಾಲೀಕ ಬಂದು ನಿಂತು, ಯಾರದು ಎಂದು ಹುಬ್ಬು ಹಾರಿಸಿದ. ಇಟ್ಟಿಗೆಯೊಳಗೆ ಇನ್ನೊಬ್ಬ ಗಿರಾಕಿಯ ಕರೆ ಕಾಯುತ್ತ ಬೀಪ್ ಎನ್ನುತ್ತಿತ್ತು.

"ರಾಂಗ್ ನಂಬರ್," ಎಂದಳು ಸೊಸೆ.

ಗುಂಡಿ ಒತ್ತಿ ಮುಂದಿನ ಕರೆ ತೆಗೆದುಕೊಂಡಳು. ಇಟ್ಟಿಗೆಯಲ್ಲಿ ಇನ್ನೂ ಮೂರು ದಿನದ ಚಾರ್ಜ್ ಇತ್ತು.